ಹಳಮೆಗೆ ಕಟ್ಟಿದ ಬೆಲೆ

ಅಂದಿನ ಸೊಬಗು ಕೆಡದಂತೆ ನಾಜೂಕಾಗಿ ನವೀಕರಿಸಿದ ಮನೆ ಮಾರಾಟಕ್ಕಿದೆ—ಪ್ಯಾರಿಸ್ ನಗರದ ಮಾರೆ ಎಂಬ ಪೇಟೆಯಲ್ಲಿ ಮನೆ ದಲ್ಲಾಳಿಗಳ ಗಾಜಿನ ಕಿಟಕಿಗಳು ಬಗೆಬಗೆಯ ಮಾತುಗಳಲ್ಲಿ ಹೇಳುವುದು ಇದನ್ನೇ. ಚಿತ್ರಗಳಲ್ಲಿ ಕಾಣುವ ವಸ್ತುಗಳೂ ಹೆಚ್ಚು ಕಡಿಮೆ ಅವೇ. ಮಾಳಿಗೆಯಲ್ಲಿ ಓಕ್ ಮರದ ತೊಲೆಗಳು. ಮೀನಿನ ಮುಳ್ಳಿನ ಹಾಗೆ ಜೋಡಿಸಿದ ಹಲಗೆಯ ನೆಲ. ಉರಿಯದ ಅಗ್ಗಿಷ್ಟಿಕೆ, ಅದರ ಮೇಲೊಂದು ಅಮೃತಶಿಲೆ, ಅದರ ಮೇಲೊಂದು ಕನ್ನಡಿ. ಆಳೆತ್ತರ ಮೀರಿದ ಕಿಟಕಿಯಾಚೆ ಕಲ್ಲು ಹಾಸಿದ ಅಂಗಳ. ಅಡಿಗೆಯ ಮನೆಯೂ ಬಚ್ಚಲೂ ಮಾತ್ರ ನಿನ್ನೆ ಮಾಡಿದವು. ಬೆಲೆ ಚದರ ಮೀಟರಿಗೆ ೧೦ ಸಾವಿರ ಯೂರೋ ದಾಟುತ್ತದೆ. ಒಬ್ಬ ಮನುಷ್ಯ ಚಾಪೆ ಹಾಸಿ ಕಾಲು ಚಾಚುವಷ್ಟು ಜಾಗಕ್ಕೆ ೨೦ ಸಾವಿರವೆಂದು ಲೆಕ್ಕ ಹಾಕಿಕೊಂಡರೆ ಸಾಮಾನ್ಯರಾದ ನಮಗೆ ಸುಲಭವಾಗಿ ತಿಳಿಯುತ್ತದೆ.

ಇಷ್ಟು ಹಣ ಕೊಡುವವನು ಕೊಳ್ಳುವುದಾದರೂ ಏನನ್ನು? ಸೂರು, ನೀರು, ಬೆಳಕುಗಳೇ ಬೇಕಾಗಿದ್ದರೆ ಊರಾಚೆ ಇದರ ಕಾಲುಭಾಗಕ್ಕೆ ದೊರೆಯುತ್ತಿದ್ದುವು. ಅವನು ಕೊಳ್ಳುತ್ತಿರುವುದು ಹಳಮೆಯನ್ನು. ಅದೂ ಹಳಮೆಯ ಕಷ್ಟವನ್ನೆಲ್ಲ ಕಳೆದು ಉಳಿದ ಹಳಮೆಯನ್ನು. ತೊಲೆ ಬೇಕು, ತೊಲೆಯೊಳಗಿನ ಹುಳು ಬೇಡ. ಅಗ್ಗಿಷ್ಟಿಕೆ ಬೇಕು, ಮೂರು ಅಂತಸ್ತು ಸೌದೆ ಹೊರುವುದು ಬೇಡ. ಈ ಆಸೆಯನ್ನು ನಗೆಯಾಡಿ ಬಿಡುವುದು ಸುಲಭ. ಆದರೆ ಅದರಲ್ಲಿ ನಗುವಂಥದೇನೂ ಇಲ್ಲ. ಹಳೆಯ ವಸ್ತುವೊಂದನ್ನು ಮುಟ್ಟಿದಾಗ ನಮ್ಮ ಆಯುಸ್ಸು ಹಿಂದಕ್ಕೆ ಬೆಳೆದಂತೆ ತೋರುವುದು ಎಲ್ಲರಿಗೂ ಉಂಟು. ಪ್ರಶ್ನೆ ಇರುವುದು ಬೇರೆಡೆ. ಮಾರುವವನಿಗೆ ಈ ಹಳಮೆ ಎಲ್ಲಿಂದ ಬಂತು? ಅದನ್ನು ಅಲ್ಲಿಯವರೆಗೆ ಕಾಪಾಡಿಕೊಂಡು ಬಂದವರು ಯಾರು? ಅವರಿಗೆ ಸಲ್ಲಬೇಕಾದುದೇನಾದರೂ ಬಾಕಿ ಉಳಿದಿದೆಯೆ?

ಮಾರೆ ಎಂದರೆ ಜೌಗು ನೆಲ ಎಂದರ್ಥ. ಅಲ್ಲಿ ೧೬೦೫ರಲ್ಲಿ ನಾಲ್ಕನೆಯ ಹೆನ್ರಿ ದೊರೆ ಇಟ್ಟಿಗೆಯ ಒಂದೇ ಬಗೆಯ ಮನೆಗಳು ಸುತ್ತುವರಿದ ದೊಡ್ಡ ಚೌಕವೊಂದನ್ನು ಕಟ್ಟಿಸತೊಡಗಿದ. ೧೬೧೨ರಲ್ಲಿ ಅದು ಮುಗಿಯುವ ವೇಳೆಗೆ ಅವನು ಕೊಲೆಯಾಗಿ ಎರಡು ವರುಷವಾಗಿತ್ತು. ಈಗ ಅದಕ್ಕೆ ಪ್ಲಾಸ್ ದೆ ವೋಜ್ ಎಂದು ಹೆಸರು. (ಮಹಾಕ್ರಾಂತಿಯ ತರುವಾಯ ಎಲ್ಲರಿಗಿಂತ ಮೊದಲು ಕಂದಾಯ ಕಟ್ಟಿದ ಪ್ರಾಂತವೆಂದು ವೋಜ್ ಪ್ರಾಂತದ ಹೆಸರನ್ನು ಅದಕ್ಕೆ ಇಟ್ಟರಂತೆ, ಕಂದಾಯ ಕಟ್ಟಿದ್ದಕ್ಕೆ ಇಷ್ಟು ಚೆಲುವಾದ ರಸೀತಿ ಮತ್ತಾರಿಗೂ ದೊರೆತಿರಲಾರದು.) ಅದರ ಸುತ್ತ ಸರದಾರರು ತಮ್ಮ ಭವನಗಳನ್ನು ಕಟ್ಟಿಕೊಂಡರು. ಮುಂದೆ ಆಸ್ಥಾನ ವರ್ಸೇಲ್ಸಿಗೆ ಹೋಯಿತು, ಸಿರಿವಂತಿಕೆ ನದಿಯಾಚೆಯ ಹೊಸ ಬಡಾವಣೆಗೆ ಹೋಯಿತು, ಕ್ರಾಂತಿ ಬಂದು ಉಳಿದವರನ್ನೂ ಚದುರಿಸಿತು. ಆಮೇಲೆ ಆ ಭವನಗಳೊಳಕ್ಕೆ ಬಂದವರು ಕೆಲಸಗಾರರು. ಸರದಾರನ ಸಭಾಂಗಣವನ್ನು ಅಡ್ಡಗೋಡೆ ಎಬ್ಬಿಸಿ ನಾಲ್ಕು ಸಂಸಾರಗಳಿಗೆ ಹಂಚಿದರು. ಎತ್ತರ ಹೆಚ್ಚೆಂದು ನಡುವೆ ಅಟ್ಟ ಹೊಡೆದರು. ಚಳಿಗೆಂದು ತೊಲೆಗಳ ಕೆಳಗೆ ಗಾರೆಯ ಛಾವಣಿ ಬಿಗಿದರು. ಗಾಡಿ ನಿಲ್ಲುತ್ತಿದ್ದ ಅಂಗಳದಲ್ಲಿ ಗಾಜಿನ ಮಾಡಿನ ಕಾರ್ಖಾನೆ ಎದ್ದಿತು. ಟೋಪಿ ಹೊಲಿಯುವವರು, ತುಪ್ಪಳದ ಅಂಗಿ ಮಾಡುವವರು, ಚರ್ಮದ ಕೆಲಸದವರು, ಅಕ್ಕಸಾಲಿಗರು ಬಂದರು. ೧೮೮೦ರ ಈಚೆಗೆ ರಷ್ಯ, ಪೋಲೆಂಡ್, ರುಮೇನಿಯಗಳಿಂದ ಹಿಂಸೆ ತಾಳದೆ ಓಡಿಬಂದ ಯೆಹೂದ್ಯರು ರ್ಯೂ ದೆ ರೋಜಿಯೆ ಎಂಬ ಬೀದಿಯ ಸುತ್ತ ನೆಲೆಸಿ ಆ ಕೇರಿಯನ್ನು ತಮ್ಮ ಯಿಡ್ಡಿಷ್ ಭಾಷೆಯಲ್ಲಿ ಪ್ಲೆಟ್ಸಲ್, ಎಂದರೆ ಪುಟ್ಟ ಚೌಕ, ಎಂದು ಕರೆದುಕೊಂಡರು. ಹೆಚ್ಚಿನ ಮನೆಗಳಲ್ಲಿ ನೀರಿನ ನಲ್ಲಿ ಅಂಗಳದಲ್ಲಿ, ಪಾಯಖಾನೆ ಮೆಟ್ಟಿಲ ತಿರುವಿನಲ್ಲಿ.

ಇಲ್ಲಿ ಒಂದು ಸಂಗತಿಯನ್ನು ನಿಧಾನವಾಗಿ ನೋಡಬೇಕು. ೧೮೫೩ರಿಂದ ೧೮೭೦ರವರೆಗೆ ಓಸ್ಮಾನ್ ಎಂಬ ಅಧಿಕಾರಿ ಹಳೆಯ ಪ್ಯಾರಿಸ್ಸನ್ನು ಸೀಳಿ ಅಗಲವಾದ ಬೀದಿಗಳನ್ನು ಹಾಯಿಸಿದಾಗ ಈ ಪೇಟೆಯ ಬಹುಭಾಗ ಅವನ ಹಾರೆಗೆ ಸಿಕ್ಕಲಿಲ್ಲ. ೧೯೨೫ರಲ್ಲಿ ಲ ಕಾರ್ಬ್ಯುಸಿಯೆ ನಗರದ ನಡುಮಧ್ಯವನ್ನು ಬಯಲು ಮಾಡಿ ಗಗನಚುಂಬಿಗಳನ್ನು ನಿಲ್ಲಿಸುವ ನಕ್ಷೆ ಬರೆದ; ಅದು ಕಾಗದದಲ್ಲೇ ಉಳಿಯಿತು. ಹಣವುಳ್ಳವನ ಕೈಯಲ್ಲಿದ್ದಿದ್ದರೆ ಈ ಭವನಗಳು ಎಷ್ಟೋ ಸಲ ಹೊಸ ಮೋಸ್ತರಿಗೆ ತಕ್ಕಂತೆ ಬದಲಾಗಿ ಹೋಗಿರುತ್ತಿದ್ದುವು. ಬಡವನಿಗೆ ಕೆಡವಿ ಕಟ್ಟುವ ಶಕ್ತಿ ಇರಲಿಲ್ಲ. ಅವನು ಮುಚ್ಚಿದ, ತೇಪೆ ಹಾಕಿದ, ಅಲ್ಲೇ ದುಡಿದ. ಗಾರೆಯ ಛಾವಣಿಯ ಮರೆಯಲ್ಲಿ ಬಣ್ಣದ ಚಿತ್ತಾರದ ತೊಲೆಗಳು ಹಾಗೆಯೇ ಉಳಿದುವು. ಇಂದು ದಲ್ಲಾಳಿ ಚದರ ಮೀಟರಿನ ಲೆಕ್ಕದಲ್ಲಿ ಮಾರುತ್ತಿರುವ ಹಳಮೆಗೆ ನೂರೈವತ್ತು ವರುಷ ಕಾವಲು ಕಾದದ್ದು ಬಡತನ. ಜಾಹೀರಾತಿನಲ್ಲಿ ಹೆಸರಿಲ್ಲದೆ ಹೋದದ್ದೂ ಅದೇ.

ನಮ್ಮ ಭಾಷೆಯಲ್ಲಿ ಜೀರ್ಣೋದ್ಧಾರ ಎಂಬ ಒಳ್ಳೆಯ ಮಾತಿದೆ. ಖಂಡಸ್ಫುಟಿತ ಜೀರ್ಣೋದ್ಧಾರಕ್ಕೆಂದು ಭೂಮಿ ಬಿಟ್ಟ ಶಾಸನಗಳು ಕನ್ನಡ ನಾಡಿನಲ್ಲಿ ಎಷ್ಟೋ ಇವೆ. ಒಡೆದದ್ದು, ಬಿರಿದದ್ದು, ಸವೆದದ್ದು—ಇವನ್ನು ಎತ್ತಿ ನಿಲ್ಲಿಸುವುದು ಪುಣ್ಯಕಾರ್ಯವೆಂದು ಹಿಂದಿನವರು ತಿಳಿದಿದ್ದರು. ಆದರೆ ಆ ಪುಣ್ಯ ಸಲ್ಲುತ್ತಿದ್ದುದು ದೇಗುಲಕ್ಕೆ, ಬಸದಿಗೆ, ಎಲ್ಲರೂ ಕಾಲಿಡಬಹುದೆಂದು ಎಣಿಸಿದ್ದ ಠಾವುಗಳಿಗೆ (ಎಲ್ಲರೂ ಎಂಬ ಮಾತಿಗೆ ಅಂದು ಇದ್ದ ಎಲ್ಲೆಯನ್ನು ನಾನು ಮರೆತಿಲ್ಲ). ಮಾರುವುದಕ್ಕೆಂದೇ ಎತ್ತಿ ನಿಲ್ಲಿಸಿದ್ದನ್ನು ಏನೆಂದು ಕರೆಯಬೇಕು? ಅದೂ ಉದ್ಧಾರವೇ ಇರಬಹುದು. ಯಾರ ಉದ್ಧಾರವೆಂದು ಮಾತ್ರ ಕೇಳಬೇಕಾಗುತ್ತದೆ.

ಯೂರೋಪಿನಲ್ಲಿ ಈ ಜಿಜ್ಞಾಸೆ ಹಳೆಯದು. ಫ್ರಾನ್ಸಿನ ವಿಯೊಲೆ-ಲ-ದ್ಯುಕ್ ಎಂಬ ವಾಸ್ತುಶಿಲ್ಪಿ, ಕಟ್ಟಡವನ್ನು ಜೀರ್ಣೋದ್ಧಾರ ಮಾಡುವುದೆಂದರೆ ಅದನ್ನು ಪೂರ್ಣಸ್ಥಿತಿಗೆ ತರುವುದು, ಆ ಪೂರ್ಣಸ್ಥಿತಿ ಹಿಂದೆ ಎಂದೂ ಇದ್ದಿರಲಾರದು ಎಂದು ನಿಸ್ಸಂಕೋಚವಾಗಿ ಬರೆದ. ಇಂಗ್ಲೆಂಡಿನ ರಸ್ಕಿನ್—ಗಾಂಧೀಜಿಯವರ ಬಾಳಿನ ದಿಕ್ಕನ್ನು ೧೯೦೪ರಲ್ಲಿ ಬದಲಿಸಿದ ಪುಸ್ತಕದ ಕರ್ತೃವಾದ ಅದೇ ರಸ್ಕಿನ್—೧೮೪೯ರಷ್ಟು ಹಿಂದೆಯೇ ಜೀರ್ಣೋದ್ಧಾರವೆಂಬುದು ಮೊದಲಿನಿಂದ ಕೊನೆಯವರೆಗೆ ಸುಳ್ಳು ಎಂದುಬಿಟ್ಟಿದ್ದ. ಸತ್ತವರನ್ನು ಎಬ್ಬಿಸಲಾಗದ ಹಾಗೆ ಹೋದ ಕೈಯ ಕೆಲಸವನ್ನೂ ಎಬ್ಬಿಸಲಾಗದು ಎಂಬುದು ಅವನ ಮತ. ನನ್ನ ಒಲವು ರಸ್ಕಿನ್ನನ ಕಡೆಗೆ. ಆದರೆ ಸೋರುವ ಮಾಡಿನ ಕೆಳಗೆ ಮಲಗುವವನಿಗೆ ರಸ್ಕಿನ್ನನಿಂದ ಉಪಯೋಗವಿಲ್ಲವೆಂಬುದನ್ನೂ ಒಪ್ಪುತ್ತೇನೆ.

ಮಾರೆಯಲ್ಲಿ ಗೆದ್ದದ್ದು ಮೊದಲನೆಯವನ ಮತ. ೧೯೬೨ರಲ್ಲಿ ಸಂಸ್ಕೃತಿ ಸಚಿವನಾಗಿದ್ದ ಕಾದಂಬರಿಕಾರ ಆಂದ್ರೆ ಮಾಲ್ರೊ ಹಳೆಯ ಪೇಟೆಗಳನ್ನು ಇಡಿಯಾಗಿ ರಕ್ಷಿಸುವ ಶಾಸನ ತಂದ. ೧೯೬೪ರಲ್ಲಿ ಮಾರೆಯ ೧೨೬ ಹೆಕ್ಟೇರು ಅದರ ಕೆಳಗೆ ಬಂತು. ಅದು ಬಾರದಿದ್ದರೆ ಇಂದು ಅಲ್ಲಿ ನೋಡಲು ಏನೂ ಉಳಿದಿರುತ್ತಿರಲಿಲ್ಲವೆಂಬುದು ನಿಜ. ಆದರೆ ರಕ್ಷಿಸಲು ಹೊರಟವರು ಯಾವ ಕಾಲದ ಮಾರೆಯನ್ನು ರಕ್ಷಿಸಬೇಕು? ತ್ಯುರ್ಗೊ ಎಂಬ ನಗರಾಧ್ಯಕ್ಷ ೧೭೩೪ರಿಂದ ೧೭೩೯ರವರೆಗೆ ಬರೆಸಿದ ನಕ್ಷೆಯೊಂದಿದೆ. ಹಕ್ಕಿ ಮೇಲಿನಿಂದ ನೋಡಿದ ಹಾಗೆ ಪ್ಯಾರಿಸ್ಸಿನ ಒಂದೊಂದು ಮನೆಯನ್ನೂ ಅದರಲ್ಲಿ ಕಾಣಬಹುದು. ಆ ನಕ್ಷೆಯನ್ನೇ ಮಾದರಿಯಾಗಿಟ್ಟುಕೊಂಡು, ಆಮೇಲೆ ಅಂಗಳಗಳಲ್ಲಿ ಎದ್ದ ಕಾರ್ಖಾನೆ, ಕೊಟ್ಟಿಗೆ, ಗಾಜಿನ ಮಾಡುಗಳನ್ನು ಕಿತ್ತುಹಾಕುವ ಯೋಜನೆ ಸಿದ್ಧವಾಯಿತು. ಈ ಕೆಲಸಕ್ಕೆ ಅವರು ವೈದ್ಯರಿಂದ ಕಡತಂದ ಹೆಸರು ಕ್ಯುರೆತಾಜ್. ಎಂದರೆ ಕೆಟ್ಟ ಮಾಂಸವನ್ನು ಕೆರೆದು ತೆಗೆಯುವುದು. ವಿಚಿತ್ರವೆಂದರೆ ಅದೇ ೧೯೬೪ರಲ್ಲಿ ವೆನಿಸ್ಸಿನಲ್ಲಿ ನೆರೆದ ತಜ್ಞರು, ಕಟ್ಟಡಕ್ಕೆ ಎಲ್ಲ ಕಾಲದವರೂ ಸೇರಿಸಿದ್ದಕ್ಕೆ ಗೌರವ ಸಲ್ಲಬೇಕು, ಒಂದೇ ಶೈಲಿಗೆ ಒಗ್ಗಿಸುವುದು ಗುರಿಯಲ್ಲ ಎಂದು ಸನ್ನದು ಬರೆದರು. ಮಾರೆಯ ಯೋಜನೆಯಲ್ಲಿ ಹತ್ತೊಂಬತ್ತನೆಯ ಇಪ್ಪತ್ತನೆಯ ಶತಮಾನಗಳ ಕೆಲಸಕ್ಕೂ ತಕ್ಕಮಟ್ಟಿನ ಮನ್ನಣೆ ದೊರೆಯಬೇಕಾದರೆ ೨೦೧೩ರ ತಿದ್ದುಪಡಿ ಬರಬೇಕಾಯಿತು.

ಒಂದು ತೇದಿಯನ್ನು ಆರಿಸುವುದು ಬರಿಯ ಅಭಿರುಚಿಯ ಮಾತೆಂದು ನಾವು ತಿಳಿಯುತ್ತೇವೆ. ೧೭೩೯ ಎಂದು ಬರೆದ ಕೂಡಲೆ ಸರದಾರನ ಗಾಡಿಯ ಬಾಗಿಲು ಮೂಲವಾಯಿತು, ಟೋಪಿಯವನ ಗಾಜಿನ ಮಾಡು ಕಸವಾಯಿತು. ಮೊದಲನೆಯವನು ವಾಸವಾಗಿದ್ದ, ಎರಡನೆಯವನು ಒತ್ತುವರಿ ಮಾಡಿದ. ಅಲ್ಲಿದ್ದ ವರುಷಗಳ ಲೆಕ್ಕ ಹಾಕಿದರೋ, ಟೋಪಿಯವನದೇ ಹೆಚ್ಚಾದೀತು.

ಇದಕ್ಕೆ ಎದುರುವಾದವಿಲ್ಲದಿಲ್ಲ, ಅದು ಸಣ್ಣದೂ ಅಲ್ಲ. ಆ ಗಾಜಿನ ಮಾಡುಗಳ ಕೆಳಗೆ ಗಾಳಿಯಿರಲಿಲ್ಲ. ನಗರದ ಆರೋಗ್ಯಾಧಿಕಾರಿಗಳು ಕ್ಷಯದಿಂದ ಸತ್ತವರ ಲೆಕ್ಕವನ್ನು ಮನೆಮನೆಗೂ ಇಟ್ಟು, ವಾಸಕ್ಕೆ ಯೋಗ್ಯವಲ್ಲದ ೧೭ ಮನೆಗುಂಪುಗಳನ್ನು ಗುರುತಿಸಿದ್ದರು. ಅವುಗಳಲ್ಲಿ ೧೬ನೆಯದು ಮಾರೆಯ ತೆಂಕಣ ಅಂಚಿನಲ್ಲಿತ್ತು. ಕೆಲಸಗಾರರ ಕೇರಿಯ ಜೀವಂತಿಕೆಯನ್ನು ನೆನೆದು ಕಣ್ಣೀರಿಡುವವರು ಐದನೆಯ ಅಂತಸ್ತಿಗೆ ನೀರು ಹೊತ್ತವರಲ್ಲ. ಬಡತನದ ಕುರುಹುಗಳನ್ನು ಉಳಿಸಿರೆಂದು ಕೇಳುವುದರಲ್ಲಿ ಒಂದು ಬಗೆಯ ಕ್ರೌರ್ಯವೂ ಇದೆ. ಅಲ್ಲಿದ್ದವರ ಮೊಮ್ಮಕ್ಕಳನ್ನು ಕೇಳಿದರೆ, ಊರಾಚೆಯ ಬಿಸಿನೀರಿನ ನಲ್ಲಿಯೇ ಮೇಲೆಂದು ಹೇಳುವವರು ಬಹುಮಂದಿ ಇದ್ದಾರು. ಆದರೂ ಒಂದು ಉಳಿಯುತ್ತದೆ: ಗಾಳಿಬೆಳಕು ಬಂದದ್ದು ಅಲ್ಲಿದ್ದವರಿಗಾಗಿ ಅಲ್ಲ. ಮನೆಗೆ ಆರೋಗ್ಯ ಬರುವ ಹೊತ್ತಿಗೆ ಮನೆಯವರು ಬೇರೆ ಕಡೆ ಹೋಗಿದ್ದರು. ಕೆಲವರು ಬಾಡಿಗೆ ಏರಿ ಹೋದರು, ಕೆಲವರು ಪರಿಹಾರ ಪಡೆದು ಹೋದರು. ಕೆಲವರು ಹೋದ ಬಗೆ ಹಾಗಲ್ಲ.

೧೯೪೨ರ ಜುಲೈ ೧೬ ಮತ್ತು ೧೭ರಂದು, ಜರ್ಮನರ ಹಿಡಿತದಲ್ಲಿದ್ದ ಪ್ಯಾರಿಸ್ಸಿನಲ್ಲಿ, ಫ್ರೆಂಚ್ ಪೊಲೀಸರು ಮನೆಮನೆಯ ಬಾಗಿಲು ತಟ್ಟಿ ಸುಮಾರು ೧೩ ಸಾವಿರ ಯೆಹೂದ್ಯರನ್ನು ಹಿಡಿದರು. ಅವರಲ್ಲಿ ನಾಲ್ಕು ಸಾವಿರಕ್ಕೂ ಮಿಕ್ಕಿ ಮಕ್ಕಳು. ಪೊಲೀಸರಿಗೆ ಕೊಟ್ಟ ಲಿಖಿತ ಸೂಚನೆಯಲ್ಲಿ ಏನೇನಿತ್ತೆಂಬುದು ತಿಳಿದಿದೆ. ಗ್ಯಾಸು, ವಿದ್ಯುತ್ತು, ನೀರು ಇವುಗಳ ತಿರುಪು ಮುಚ್ಚಬೇಕು. ಸಾಕುಪ್ರಾಣಿಗಳನ್ನೂ ಬೀಗದಕೈಯನ್ನೂ ಕಟ್ಟಡದ ಕಾವಲುಗಾರ್ತಿಗೆ ಒಪ್ಪಿಸಬೇಕು. ಮನೆಯ ವಿಷಯದಲ್ಲಿ ಎಷ್ಟು ಎಚ್ಚರಿಕೆ! ಗ್ಯಾಸು ಸೋರಿ ಕಟ್ಟಡಕ್ಕೆ ಅಪಾಯವಾಗಬಾರದು. ಮಕ್ಕಳೊಡನೆ ಇದ್ದವರನ್ನು ಸೈಕಲ್ ಪಂದ್ಯಗಳ ಕ್ರೀಡಾಂಗಣವೊಂದರಲ್ಲಿ ಕೂಡಿಹಾಕಿ, ಅಲ್ಲಿಂದ ಶಿಬಿರಗಳಿಗೆ, ಅಲ್ಲಿಂದ ಆಶ್ವಿಟ್ಸಿಗೆ ಕಳುಹಿದರು.

ಮನೆಗಳು ಉಳಿದುವು. ಜರ್ಮನರು ಪ್ಯಾರಿಸ್ ಪ್ರದೇಶದ ಸುಮಾರು ೩೮ ಸಾವಿರ ಮನೆಗಳ ಸಾಮಾನನ್ನು ಬರಿದು ಮಾಡಿದರು. ಮಂಚ, ಪಾತ್ರೆ, ಮಕ್ಕಳ ಆಟಿಕೆ, ಯಾವುದನ್ನೂ ಬಿಡಲಿಲ್ಲ. ಅವನ್ನು ವಿಂಗಡಿಸಲು ಲೆವಿತಾನ್ ಎಂಬ ಪೀಠೋಪಕರಣದ ಮಳಿಗೆಯನ್ನೇ ಸೆರೆಮನೆ ಮಾಡಿ ಯೆಹೂದ್ಯ ಬಂದಿಗಳನ್ನು ದುಡಿಸಿದರು. ರಾಶಿಯ ನಡುವೆ ತಮ್ಮ ಮನೆಯ ಸಾಮಾನನ್ನೇ ಗುರುತಿಸಿದವರೂ ಅವರಲ್ಲಿದ್ದರು. ಬರಿದಾದ ಬಾಡಿಗೆ ಮನೆಗಳನ್ನು ಫ್ರೆಂಚ್ ಆಡಳಿತ ಬೇರೆಯವರಿಗೆ ಹಂಚಿತು. ಹಾಗೆ ಪಡೆದವರಲ್ಲಿ ಬಾಂಬುದಾಳಿಯಲ್ಲಿ ಮನೆ ಕಳೆದುಕೊಂಡವರಿದ್ದರು ಎಂಬುದನ್ನು ಮರೆಯಬಾರದು. ಅವರನ್ನು ದುಷ್ಟರೆನ್ನಲು ನನಗೆ ಬಾಯಿ ಬಾರದು. ಯುದ್ಧ ತಿರುಗಿದ ಮೇಲೆ, ೧೯೪೪ರ ನವೆಂಬರ್ ೧೪ರ ಆಜ್ಞೆಯಂತೆ ಹಿಂದಿನ ಬಾಡಿಗೆದಾರರು ಮನೆಯನ್ನು ಮರಳಿ ಕೇಳಬಹುದಾಯಿತು. ಆದರೆ ಒಳಗಿರುವವನು ಯುದ್ಧದಲ್ಲಿ ಮನೆ ಕಳೆದುಕೊಂಡವನಾಗಿದ್ದರೆ, ಯುದ್ಧಕೈದಿಯ ನೆಂಟನಾಗಿದ್ದರೆ, ಅವನನ್ನು ಎಬ್ಬಿಸುವಂತಿರಲಿಲ್ಲ. ತಾವು ಸದ್ಭಾವದಿಂದ ಬಂದ ಬಾಡಿಗೆದಾರರೆಂದು ಸಂಘ ಕಟ್ಟಿಕೊಂಡು ಕೂಗಿದವರೂ ಇದ್ದರು. ಹೀಗೆ ಬದುಕಿ ಹಿಂತಿರುಗಿದ ಕೆಲವರು ತಮ್ಮ ಬಾಗಿಲ ಮುಂದೆ ನಿಂತು ಇನ್ನೊಬ್ಬರ ಅಡಿಗೆಯ ವಾಸನೆ ಹಿಡಿದು ಮೆಟ್ಟಿಲಿಳಿದರು.

ಈಗ ನಮ್ಮ ಖರೀದಿದಾರನ ಬಳಿಗೆ ಬರೋಣ. ಅವನು ಮನೆ ಕೊಳ್ಳುವಾಗ ಫ್ರೆಂಚ್ ಕಾನೂನು ಅವನನ್ನು ಮಗುವಿನಂತೆ ಕಾಪಾಡುತ್ತದೆ. ೧೯೪೯ಕ್ಕಿಂತ ಹಿಂದಿನ ಕಟ್ಟಡವಾದರೆ ಬಣ್ಣದಲ್ಲಿ ಸೀಸವಿದೆಯೇ ಎಂದು ಮಾರುವವನು ಪರೀಕ್ಷೆ ಮಾಡಿಸಿ ತಿಳಿಸಬೇಕು. ಕಲ್ನಾರು ಇದೆಯೆ, ಗ್ಯಾಸು ವಿದ್ಯುತ್ತುಗಳ ಕೊಳವೆ ತಂತಿಗಳು ಸರಿಯಿವೆಯೆ, ಮನೆಗೆ ಶಾಖ ಎಷ್ಟು ಬೇಕು, ಇದಕ್ಕೆಲ್ಲ ಒಂದೊಂದು ಕಾಗದ. ಗೆದ್ದಲಿನ ಕಾಟವಿರುವ ಕಡೆ ಅದಕ್ಕೂ ಒಂದು. ೧೯೯೬ರ ಶಾಸನವೊಂದರಂತೆ ವಿಸ್ತೀರ್ಣವನ್ನು ಬರೆದು ಕೊಡಬೇಕು, ೧.೮೦ ಮೀಟರಿಗಿಂತ ತಗ್ಗಾದ ಜಾಗವನ್ನು ಅದರಲ್ಲಿ ಎಣಿಸಕೂಡದು. ಅಟ್ಟದಲ್ಲಿ ತಲೆ ತಗ್ಗಿಸಿ ಓಡಾಡಿ ಬಾಳಿದವರ ಠಾವು ಹೀಗೆ ಲೆಕ್ಕದಿಂದಲೂ ಬಿಟ್ಟುಹೋಗುತ್ತದೆ. ಇಷ್ಟಾದ ಮೇಲೂ ಮನಸ್ಸು ಬದಲಾಯಿಸಲು ಅವನಿಗೆ ಹತ್ತು ದಿನಗಳ ಅವಕಾಶವಿದೆ. ಕ್ರಯಪತ್ರ ಬರೆಯುವ ನೋಟರಿ ಹಿಂದಿನ ಮೂವತ್ತು ವರುಷಗಳ ಒಡೆತನವನ್ನು ಶೋಧಿಸಿ ಬರೆಯುತ್ತಾನೆ. ಬರೆಯುವುದು ಒಡೆಯರ ಪರಂಪರೆಯನ್ನು. ಬಾಡಿಗೆದಾರನಿಗೆ ಅಲ್ಲಿ ಹೆಸರಿಲ್ಲ. ಪ್ಲೆಟ್ಸಲಿನ ಟೋಪಿಯವರು, ದರ್ಜಿಗಳು ಬಹುಮಟ್ಟಿಗೆ ಬಾಡಿಗೆಯವರೇ. ಎಲ್ಲ ಕಾಗದಗಳನ್ನೂ ಓದಿದ ಖರೀದಿದಾರನಿಗೆ ಗೋಡೆಯೊಳಗಿನ ಸೀಸದ ಪ್ರಮಾಣ ತಿಳಿದಿರುತ್ತದೆ. ಆ ಗೋಡೆಗಳ ನಡುವಿನಿಂದ ಯಾರು ಹೋದರೆಂಬುದು ತಿಳಿದಿರುವುದಿಲ್ಲ.

ಬಾಡಿಗೆದಾರನ ನೆನಪು ಎಲ್ಲರಿಗೂ ಬೇಡವೆಂದಲ್ಲ. ಪ್ಲಾಸ್ ದೆ ವೋಜಿನ ಆರನೆಯ ಮನೆಯಲ್ಲಿ ವಿಕ್ಟರ್ ಹ್ಯೂಗೊ ೧೮೩೨ರಿಂದ ೧೮೪೮ರವರೆಗೆ ಬಾಡಿಗೆಗಿದ್ದ. ಆ ಮನೆ ೧೯೦೩ರಿಂದ ವಸ್ತುಸಂಗ್ರಹಾಲಯ.

ಹಾಗಾದರೆ ಖರೀದಿದಾರನು ತಪ್ಪಿತಸ್ಥನೆ? ಖಂಡಿತ ಅಲ್ಲ. ೧೯೪೨ರಲ್ಲಿ ಅವನು ಹುಟ್ಟಿರಲಿಲ್ಲ. ಒಳ್ಳೆಯ ಹಣ ಕೊಟ್ಟು, ಒಳ್ಳೆಯ ಕಾಗದ ಪಡೆದು ಬಂದಿದ್ದಾನೆ. ಪಾಪ ಮಾಡಿದವನಿಗೆ ಸೇರಿದ್ದು. ಆದರೆ ನಮ್ಮ ಹಿರಿಯರು ಪಾಪದ ಜೊತೆಗೆ ಋಣವೆಂಬ ಇನ್ನೊಂದು ಮಾತನ್ನು ಇಟ್ಟುಕೊಂಡಿದ್ದರು, ಎರಡನ್ನೂ ಬೆರೆಸುತ್ತಿರಲಿಲ್ಲ. ಮನುಷ್ಯ ಹುಟ್ಟುವಾಗಲೇ ದೇವತೆಗಳಿಗೆ, ಋಷಿಗಳಿಗೆ, ಪಿತೃಗಳಿಗೆ ಋಣಿಯಾಗಿ ಹುಟ್ಟುತ್ತಾನೆ ಎಂದಾಗ ಅವನೇನೂ ಅಪರಾಧ ಮಾಡಿದ್ದಾನೆಂದು ಅರ್ಥವಲ್ಲ. ತಾನು ಮಾಡದ, ತನಗೆ ದೊರೆತ, ಒಳಿತಿನ ಲೆಕ್ಕ ಅದು. ಈ ಅರ್ಥದಲ್ಲಿ ಹಳೆಯ ಮನೆಯ ಹೊಸ ಒಡೆಯ ಋಣಿ. ತೊಲೆಯನ್ನು ಕೆತ್ತಿದವನಿಗೆ ಋಣಿಯೆಂಬುದನ್ನು ಅವನು ಸಂತೋಷವಾಗಿ ಒಪ್ಪುತ್ತಾನೆ; ಅತಿಥಿಗಳಿಗೆ ಅದನ್ನು ತೋರಿಸಿ ಹೇಳುತ್ತಾನೆ ಕೂಡ. ಅದರ ಕೆಳಗೆ ಗಾರೆ ಬಿಗಿದು ಅದನ್ನು ಉಳಿಸಿದವನಿಗೂ ಋಣಿಯೆಂದರೆ ಮಾತ್ರ ಅವನಿಗೆ ವಿಚಿತ್ರವೆನಿಸುತ್ತದೆ. ಆ ಗಾರೆಯವನ ಮೇಲೆ ನಡೆದದ್ದು ಒಡೆಯನ ತಪ್ಪಲ್ಲ. ಆದರೆ ಅವನು ಬಿಟ್ಟುಹೋದ ಜಾಗದಲ್ಲಿ ತಾನು ನಿಂತಿರುವುದು ನಿಜ.

ಸತ್ತವರನ್ನೆಲ್ಲ ಮನೆಯೊಳಗೆ ಇರಿಸಿಕೊಂಡರೆ ಬದುಕಿರುವವರು ಬಾಳುವುದೆಂತು ಎಂದು ಯಾರಾದರೂ ಕೇಳಬಹುದು. ಕೇಳಬೇಕಾದ ಮಾತೇ. ಆ ಮನೆಯಲ್ಲಿ ನಾಳೆ ಹುಟ್ಟುವ ಮಗುವಿಗೆ ನಿರ್ಭಯವಾಗಿ ನಿದ್ರಿಸುವ ಹಕ್ಕಿದೆ. ಮನೆಯನ್ನು ಸಮಾಧಿ ಮಾಡಿರೆಂದು ನಾನು ಹೇಳುತ್ತಿಲ್ಲ. ಋಣ ತೀರಿಸುವ ಬಗೆ ಋಣದ ಅಳತೆಗೆ ತಕ್ಕಂತಿರಬೇಕು. ಇಲ್ಲಿ ಕೇಳುತ್ತಿರುವುದು ಬಹಳ ಕಡಿಮೆ: ತಿಳಿದಿರುವುದು, ಕೇಳಿದವರಿಗೆ ಹೇಳುವುದು, ಅಡ್ಡಿ ಮಾಡದಿರುವುದು. ಈ ಮೂರನೆಯದು ಸುಮ್ಮನೆ ಸೇರಿಸಿದ ಮಾತಲ್ಲ. ಹಲವರು ಒಡೆಯರಿರುವ ಕಟ್ಟಡದ ಹೊರಗೋಡೆಗೆ ಹೆಸರುಗಳ ಫಲಕ ಹಾಕಬೇಕಾದರೆ ಒಡೆಯರ ಸಭೆ ಒಪ್ಪಬೇಕು. ಸರಕಾರ ತನ್ನ ಪಾಲನ್ನು ತಡವಾಗಿಯಾದರೂ ಒಪ್ಪಿಕೊಂಡಿತು; ೧೯೯೫ರ ಜುಲೈ ೧೬ರಂದು ಅಧ್ಯಕ್ಷ ಶಿರಾಕ್ ಈ ಕೃತ್ಯದಲ್ಲಿ ಫ್ರೆಂಚ್ ರಾಜ್ಯದ ಹೊಣೆಯನ್ನು ಬಹಿರಂಗವಾಗಿ ಹೇಳಿದ. ಕೇರಿಯ ಶಾಲೆಗಳ ಗೋಡೆಯ ಮೇಲೆ, ಒಯ್ಯಲ್ಪಟ್ಟ ಮಕ್ಕಳನ್ನು ನೆನೆಯುವ ಕಲ್ಲುಗಳಿವೆ. ರ್ಯೂ ಜಾಫ್ರುವಾ ಲಾನಿಯೆ ಎಂಬ ಬೀದಿಯ ಸ್ಮಾರಕದಲ್ಲಿ, ಹಿಂದೆ ೧೬ನೆಯ ಗುಂಪಿನ ಮನೆಗಳಿದ್ದ ಕಡೆಯಲ್ಲೇ, ೨೦೦೫ರಿಂದ ಸುಮಾರು ೭೬ ಸಾವಿರ ಹೆಸರುಗಳ ಗೋಡೆಯಿದೆ. ಸಾರ್ವಜನಿಕ ಗೋಡೆಗಳು ತಮ್ಮ ಕೆಲಸ ಮಾಡಿವೆ. ಖಾಸಗಿ ಗೋಡೆಗಳ ಮಾತು ಒಂದೊಂದು ಕಟ್ಟಡದ ಸಭೆಗೆ ಬಿಟ್ಟದ್ದು.

ತಿಳಿಯಬೇಕೆನ್ನುವವನಿಗೆ ಈಗ ಕಷ್ಟವೂ ಇಲ್ಲ. ಸೆರ್ಜ್ ಕ್ಲಾರ್ಸ್‌ಫೆಲ್ಡ್ ಎಂಬ ವಕೀಲ, ಆಶ್ವಿಟ್ಸಿನಲ್ಲಿ ತಂದೆಯನ್ನು ಕಳೆದುಕೊಂಡವನು, ಒಯ್ಯಲ್ಪಟ್ಟ ಮಕ್ಕಳ ಹೆಸರುಗಳನ್ನು ವಿಳಾಸದೊಡನೆ ದಶಕಗಳ ಕಾಲ ಸಂಗ್ರಹಿಸಿದ. ಅದನ್ನು ಆಧರಿಸಿ ಇತಿಹಾಸಕಾರನೊಬ್ಬ ೨೦೧೨ರಲ್ಲಿ ಪ್ಯಾರಿಸ್ಸಿನ ನಕ್ಷೆಯೊಂದನ್ನು ಮಾಡಿದ. ತ್ಯುರ್ಗೊವಿನ ನಕ್ಷೆಯಂತೆ ಇದರಲ್ಲೂ ಮನೆಮನೆಯನ್ನು ಹುಡುಕಬಹುದು. ಮನೆಯಿರುವಲ್ಲಿ ಒಂದು ಚುಕ್ಕೆ. ಚುಕ್ಕೆಯ ಹಿಂದೆ ಬೀದಿ, ಮನೆಯ ಸಂಖ್ಯೆ, ಹೆಸರು, ವಯಸ್ಸು. ಮಾರೆಯ ಕೆಲವು ಬೀದಿಗಳಲ್ಲಿ ಚುಕ್ಕೆಗಳು ಒಂದರ ಮೇಲೊಂದು ಕೂತಿವೆ. ಸೀಸ, ಕಲ್ನಾರು, ಗ್ಯಾಸು, ವಿದ್ಯುತ್ತುಗಳ ಕಾಗದಗಳ ಕಟ್ಟಿಗೆ ಈ ನಕ್ಷೆಯ ಒಂದು ಹಾಳೆಯನ್ನು ಸೇರಿಸಲು ಹೆಚ್ಚಿನ ಖರ್ಚು ಬೀಳುವುದಿಲ್ಲ. ಮನೆಯ ಬೆಲೆ ಇಳಿದೀತೆಂದು ದಲ್ಲಾಳಿ ಹೆದರಬಹುದು. ಇಳಿಯುವುದಾದರೆ ಎಷ್ಟು ಇಳಿಯುತ್ತದೆಂದು ನೋಡಬೇಕೆಂಬ ಆಸೆ ನನಗಿದೆ.